ಏಟ್ ಮೈಲ್ ರಸ್ತೆಯ ಗೋಡೆ, ನಮ್ಮ ಬಡಾವಣೆಯ ಸಹಿ

ತುಂಗೆಯ ಮಗಳು:

ಮಿಷಿಗನ್‌ನಲ್ಲಿರುವ ಕನ್ನಡದವರ ಮುಂದೆ ಒಂದು ವಿಷಯ ಇಡುತ್ತಿದ್ದೇನೆ. ನಾವಿರುವ ಟೌನ್‌ಶಿಪ್‌ನಲ್ಲಿ ಮುಖ್ಯರಸ್ತೆಯ ಪಕ್ಕ ಪಾಳು ಬಿದ್ದಿರುವ ಜಾಗದಲ್ಲಿ ಕಡಿಮೆ ಆದಾಯದವರಿಗಾಗಿ ಎಪ್ಪತ್ತೆರಡು ಬಾಡಿಗೆ ಮನೆಗಳನ್ನು ಕಟ್ಟುವ ಪ್ರಸ್ತಾಪ ಬಂದಿದೆ. ಅದನ್ನು ತಡೆಯಬೇಕೆಂಬ ಮನವಿ ಪತ್ರ ಮೂರು ವಾರದಿಂದ ಮನೆಮನೆ ಸುತ್ತುತ್ತಿದೆ. ಸಹಿ ಹಾಕಿದವರಲ್ಲಿ ಅರ್ಧದಷ್ಟು ಭಾರತೀಯರು, ಅದರಲ್ಲಿ ಹನ್ನೊಂದು ಮನೆ ಕನ್ನಡದವರದೇ. ನಾನು ಸಹಿ ಹಾಕಿಲ್ಲ. ಏಕೆಂದು ಕೇಳಿದ ಗೆಳತಿಗೆ ಬಾಗಿಲಲ್ಲಿ ನಿಂತು ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ಮನೆಗೆ ಹೋಗಿ ಅವರಿಗೆ ಮತ್ತೆ ನಡೆಯಲು ಕಲಿಸುವುದು ನನ್ನ ಕೆಲಸ. ಡೆಟ್ರಾಯಿಟ್‌ನಲ್ಲಿ, ನಗರದ ಉತ್ತರದ ಗಡಿಯಾದ ಏಟ್ ಮೈಲ್ ರಸ್ತೆಯ ದಕ್ಷಿಣಕ್ಕೆ ಒಬ್ಬ ಅಜ್ಜಿಯನ್ನು ಹಿತ್ತಲಿನಲ್ಲಿ ನಡೆಸುತ್ತಿದ್ದಾಗ ಹಿತ್ತಲಿನ ಕೊನೆಗೆ ಒಂದು ಗೋಡೆ ಕಂಡಿತು. ಆರು ಅಡಿ ಎತ್ತರ, ಒಂದಡಿ ದಪ್ಪ. ಮನೆಗಳ ಹಿಂದೆಯೇ ಅರ್ಧ ಮೈಲಿ ಸಾಗುತ್ತದೆ. ಮಕ್ಕಳ ಆಟದ ಮೈದಾನದ ಬಳಿ ಅದರ ಮೇಲೆ ಬಣ್ಣದ ಚಿತ್ರಗಳನ್ನು ಬರೆದಿದ್ದಾರೆ, ಉಳಿದ ಕಡೆ ಬರೀ ಕಾಂಕ್ರೀಟು. ಏನನ್ನೂ ಕಾಯುತ್ತಿಲ್ಲ, ಯಾವ ಕಟ್ಟಡದ ಭಾಗವೂ ಅಲ್ಲ. ಇದೇಕೆ ಇಲ್ಲಿದೆ ಎಂದು ಕೇಳಿದೆ. ಅಜ್ಜಿ ಕುರ್ಚಿಯಲ್ಲಿ ಕುಳಿತು ನಿಧಾನವಾಗಿ ಹೇಳಿದರು. ಮನೆಗೆ ಬಂದು ಓದಿ ನೋಡಿದರೆ ಅವರು ಹೇಳಿದ್ದು ಅಕ್ಷರಶಃ ನಿಜ.

1941ರಲ್ಲಿ ಒಬ್ಬ ಬಿಲ್ಡರ್ ಅಲ್ಲಿ ಬಿಳಿಯರಿಗಾಗಿ ಹೊಸ ಬಡಾವಣೆ ಮಾಡಲು ಹೊರಟ. ಪಕ್ಕದಲ್ಲೇ ಕಪ್ಪು ಜನರ ಮನೆಗಳಿದ್ದವು. ಅಷ್ಟು ಹತ್ತಿರ ಅವರಿದ್ದರೆ ಗೃಹಸಾಲಕ್ಕೆ ಖಾತರಿ ಕೊಡಲಾಗದು ಎಂದು ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಕೇಂದ್ರ ಸರಕಾರದ ಸಂಸ್ಥೆ ಹೇಳಿತು. ಅವನು ನಡುವೆ ಗೋಡೆ ಎಬ್ಬಿಸಿದ. ಖಾತರಿ ಸಿಕ್ಕಿತು. ಗೋಡೆಯ ಒಂದು ಬದಿಯವರಿಗೆ ಸರಕಾರದ ಬೆಂಬಲದ ಅಗ್ಗದ ಸಾಲ, ಇನ್ನೊಂದು ಬದಿಯವರಿಗೆ ಇಲ್ಲ. ಮಣ್ಣು ಒಂದೇ, ಮಳೆ ಒಂದೇ.

ಈಗ ಗೋಡೆಯ ಎರಡೂ ಬದಿಯಲ್ಲಿ ಇರುವವರು ಬಹುತೇಕ ಕಪ್ಪು ಜನರೇ. ಬಿಳಿಯರು ಇನ್ನೂ ಉತ್ತರಕ್ಕೆ ಹೋದರು, ನಾವೂ ಅವರ ಹಿಂದೆ ಹೋಗಿ ಅಲ್ಲೇ ಮನೆ ಕೊಂಡೆವು. ಆ ಮನವಿ ಪತ್ರದಲ್ಲಿ ‘ಬಡಾವಣೆಯ ಸ್ವರೂಪ ಕೆಡುತ್ತದೆ’ ಎಂಬ ಒಂದು ಸಾಲಿದೆ. ಗೋಡೆ ನೋಡಿ ಬಂದ ಮೇಲೆ ಆ ಸಾಲಿನ ಕೆಳಗೆ ನನ್ನ ಹೆಸರು ಬರೆಯಲು ಕೈ ಬರುತ್ತಿಲ್ಲ.

ಹೇಮಾವತಿ ದಂಡೆ:

ಮೇಡಂ, ಸಹಿ ಹಾಕಿದ ಹನ್ನೊಂದು ಮನೆಗಳಲ್ಲಿ ನನ್ನದೂ ಒಂದು. ಮುಚ್ಚಿಡುವಂಥದ್ದೇನೂ ಇಲ್ಲ.

ಆ ಗೋಡೆ ಅನ್ಯಾಯ, ಒಪ್ಪಿದೆ. ಆದರೆ ಅದನ್ನು ಕಟ್ಟಿದವನು ನನ್ನ ಅಜ್ಜನಲ್ಲ. ನನ್ನ ಅಜ್ಜ ಹಾಸನದ ಹತ್ತಿರ ಎರಡು ಎಕರೆ ಗುತ್ತಿಗೆ ಜಮೀನಿನಲ್ಲಿ ರಾಗಿ ಬೆಳೆಯುತ್ತಿದ್ದ. ನಾನು 2009ರಲ್ಲಿ ಎರಡು ಸೂಟ್‌ಕೇಸ್ ಹಿಡಿದು ಬಂದೆ. ಒಂಬತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು, ಊರಿಗೆ ಹೋಗುವುದನ್ನೂ ಕಡಿಮೆ ಮಾಡಿ ಮುಂಗಡ ಕೂಡಿಸಿದೆ. ಇವತ್ತಿಗೂ ಗ್ರೀನ್ ಕಾರ್ಡ್ ಸರದಿಯಲ್ಲೇ ಇದ್ದೇನೆ. ಕೆಲಸ ಹೋದರೆ ಅರವತ್ತು ದಿನಗಳೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಮನೆ ಮಾರಿ ದೇಶ ಬಿಡಬೇಕು. ಅಂಥ ದಿನ ಬಂದರೆ ನನ್ನ ಕೈಯಲ್ಲಿರುವುದು ಈ ಮನೆಯ ಬೆಲೆ ಒಂದೇ. ಆ ಬೆಲೆ ಕುಸಿಯಬಾರದು ಎಂದು ಬಯಸುವುದು ವರ್ಣಭೇದವೇ?

ಶಾಲೆಯ ವಿಷಯವೂ ಇದೆ. ನನ್ನ ಮಗಳ ತರಗತಿಯಲ್ಲಿ ಈಗಲೇ ಮೂವತ್ತೊಂದು ಮಕ್ಕಳು. ನಮ್ಮ ಆಸ್ತಿ ತೆರಿಗೆಯಲ್ಲಿ ನಡೆಯುವ ಶಾಲೆಗೆ, ಅಷ್ಟು ತೆರಿಗೆ ಕೊಡದ ಎಪ್ಪತ್ತೆರಡು ಮನೆಗಳ ಮಕ್ಕಳು ಸೇರಿದರೆ ಹೊರೆ ಯಾರ ಮೇಲೆ? ಮನವಿ ಪತ್ರದಲ್ಲಿ ಬಣ್ಣದ ಮಾತು ಒಂದು ಅಕ್ಷರವೂ ಇಲ್ಲ. ಕಷ್ಟಪಟ್ಟು ದುಡಿದು ಯಾರು ಬೇಕಾದರೂ ಇಲ್ಲಿ ಮನೆ ಕೊಳ್ಳಲಿ, ನಾನೇ ಹೋಗಿ ಸ್ವಾಗತಿಸುತ್ತೇನೆ.

ತುಂಗೆಯ ಮಗಳು:

ಹಣವಿದ್ದರೆ ಸಾಕಿತ್ತು ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. 1925ರಲ್ಲಿ ಇದೇ ಡೆಟ್ರಾಯಿಟ್‌ನಲ್ಲಿ ಆಸಿಯನ್ ಸ್ವೀಟ್ ಎಂಬ ಕಪ್ಪು ವೈದ್ಯರು 18,500 ಡಾಲರ್‌ಗೆ ಗಾರ್ಲೆಂಡ್ ಬೀದಿಯಲ್ಲಿ ಮನೆ ಕೊಂಡರು. ಓದು ಇತ್ತು, ದುಡಿಮೆ ಇತ್ತು, ಹಣವಿತ್ತು. ಮನೆಗೆ ಬಂದ ಎರಡನೆಯ ರಾತ್ರಿ ನೂರಾರು ಜನ ಮುತ್ತಿಗೆ ಹಾಕಿ ಕಲ್ಲು ತೂರಿದರು. ಒಳಗಿನಿಂದ ಗುಂಡು ಹಾರಿ ಹೊರಗಿದ್ದ ಒಬ್ಬ ಸತ್ತ. ಮನೆಯಲ್ಲಿದ್ದ ಹನ್ನೊಂದು ಜನರ ಮೇಲೂ ಕೊಲೆಯ ಮೊಕದ್ದಮೆ ಬಿತ್ತು. ಕ್ಲಾರೆನ್ಸ್ ಡ್ಯಾರೋ ಎಂಬ ಹೆಸರಾಂತ ವಕೀಲರು ವಾದಿಸಿದ್ದರಿಂದ ಅವರು ಪಾರಾದರು. ಕಷ್ಟಪಟ್ಟು ದುಡಿದು ಮನೆ ಕೊಂಡವರಿಗೆ ಸಿಕ್ಕ ಸ್ವಾಗತ ಅದು.

ಸಾಲದ ಲೆಕ್ಕ:

ಹದಿನೇಳು ವರ್ಷದಿಂದ ಗೃಹಸಾಲದ ಅರ್ಜಿಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದೇನೆ. ಈ ಚರ್ಚೆ ಬಂದಾಗಲೆಲ್ಲ ಒಂದು ತಪ್ಪು ಮರುಕಳಿಸುತ್ತದೆ, ಅದನ್ನು ಮೊದಲೇ ತಡೆಯುತ್ತೇನೆ.

‘ರೆಡ್‌ಲೈನಿಂಗ್’, ಅಂದರೆ ಕೆಲವು ಪ್ರದೇಶಗಳಿಗೆ ಗೆರೆ ಎಳೆದು ಸಾಲ ನಿರಾಕರಿಸುವುದು, ಎಂದ ಕೂಡಲೇ ಎಲ್ಲರೂ ತೋರಿಸುವುದು 1930ರ ದಶಕದ ಬಣ್ಣದ ನಕ್ಷೆಗಳನ್ನು. 1933ರಲ್ಲಿ ಹುಟ್ಟಿದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಎಂಬ ಸರಕಾರಿ ಸಂಸ್ಥೆ ಇನ್ನೂರಕ್ಕೂ ಹೆಚ್ಚು ನಗರಗಳನ್ನು ಹಸಿರು, ನೀಲಿ, ಹಳದಿ, ಕೆಂಪು ಎಂದು ನಾಲ್ಕು ದರ್ಜೆಯಲ್ಲಿ ವಿಂಗಡಿಸಿ ನಕ್ಷೆ ಬರೆಸಿತು. ಕೆಂಪು ಎಂದರೆ ಸಾಲಕ್ಕೆ ಅತಿ ಅಪಾಯದ ಪ್ರದೇಶ. ಕಪ್ಪು ಜನರ ವಸತಿಗಳು ಹೆಚ್ಚುಕಡಿಮೆ ಎಲ್ಲವೂ ಕೆಂಪಿಗೆ ಬಿದ್ದವು. ಆದರೆ ಕೆಂಪು ಪ್ರದೇಶಗಳಲ್ಲಿ ಆಗ ವಾಸವಿದ್ದವರಲ್ಲಿ ಬಹುಪಾಲು ಬಡ ಬಿಳಿಯರು. ಆ ಸಂಸ್ಥೆ ತನ್ನ ಸಾಲಗಳಲ್ಲಿ ಹೆಚ್ಚಿನವನ್ನು ನಕ್ಷೆ ಸಿದ್ಧವಾಗುವ ಮೊದಲೇ ಕೊಟ್ಟು ಮುಗಿಸಿತ್ತು. ನಕ್ಷೆಯೊಂದನ್ನೇ ಹಿಡಿದು ಜಗ್ಗಿದರೆ ವಾದ ಮಾಡಲು ಬಂದವರು ಸುಲಭವಾಗಿ ಗೆದ್ದುಬಿಡುತ್ತಾರೆ.

ನಿಜವಾದ ಬೀಗ ಇದ್ದದ್ದು ತುಂಗೆಯ ಮಗಳು ಹೇಳಿದ ಸಂಸ್ಥೆಯಲ್ಲೇ, 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್‌ನಲ್ಲಿ. ಅದು ತಾನೇ ಸಾಲ ಕೊಡುತ್ತಿರಲಿಲ್ಲ, ಬ್ಯಾಂಕು ಕೊಟ್ಟ ಸಾಲ ಮುಳುಗಿದರೆ ತಾನು ತುಂಬಿಕೊಡುವುದಾಗಿ ಖಾತರಿ ನೀಡುತ್ತಿತ್ತು. ಆ ಖಾತರಿ ಇರುವ ಕಡೆಗೆ ಬ್ಯಾಂಕಿನ ಹಣ ನೀರಿನಂತೆ ಹರಿಯಿತು. ಅದರ ಪರಿಶೀಲಕರ ಕೈಪಿಡಿಯಲ್ಲಿ, ಒಂದು ನೆರೆಹೊರೆಯನ್ನು ಕೆಳವರ್ಗದವರಿಂದಲೂ ಹೊಂದಿಕೆಯಾಗದ ಜನಾಂಗಗಳಿಂದಲೂ ಕಾಪಾಡಲು ಸ್ವಾಭಾವಿಕ ಅಥವಾ ಕೃತಕ ಅಡೆತಡೆಗಳು ಪರಿಣಾಮಕಾರಿ ಎಂದು ಬರೆದಿತ್ತು. ಆ ಗೋಡೆ ಒಬ್ಬ ಬಿಲ್ಡರ್‌ನ ಹುಚ್ಚಲ್ಲ, ಕೈಪಿಡಿಯ ಒಂದು ವಾಕ್ಯ ಕಾಂಕ್ರೀಟಾಗಿ ನಿಂತದ್ದು. ಕೆಳವರ್ಗ ಮತ್ತು ಜನಾಂಗ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಗಮನಿಸಿ. ನಾನು ಈಗ ಮಾಡುವ ಕೆಲಸಕ್ಕೆ ಅಂದು ಈ ಕೈಪಿಡಿಯೇ ಆಧಾರವಾಗಿತ್ತು ಎಂಬುದು ನನ್ನನ್ನು ಬಹಳ ಕಾಡಿದೆ.

ಇನ್ನು ಕ್ರಯಪತ್ರಗಳು. ಬಿಳಿಯರಲ್ಲದವರಿಗೆ ಈ ಆಸ್ತಿಯನ್ನು ಮಾರಕೂಡದು ಎಂಬ ಷರತ್ತನ್ನು ಕ್ರಯಪತ್ರದಲ್ಲೇ ಬರೆಯುತ್ತಿದ್ದರು. ಡೆಟ್ರಾಯಿಟ್‌ನ ಮೆಕ್‌ಗೀ ದಂಪತಿಯ ಮೇಲೆ ನೆರೆಯವರು ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಸೇಂಟ್ ಲೂಯಿಸ್‌ನ ಶೆಲ್ಲಿ ಮೊಕದ್ದಮೆಯ ಜೊತೆ 1948ರಲ್ಲಿ ತೀರ್ಮಾನವಾಯಿತು. ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಾಯಿತು. ಅಷ್ಟಾದರೂ ಹೊಸದಾಗಿ ಇಂಥ ಷರತ್ತು ಬರೆದ ಆಸ್ತಿಗಳಿಗೆ ಖಾತರಿ ನೀಡುವುದನ್ನು ಸರಕಾರಿ ಸಂಸ್ಥೆ ನಿಲ್ಲಿಸಿದ್ದು 1950ರಲ್ಲಿ.

ನಕ್ಷೆಗಾರ:

ಬೇರೆ ಕೌಂಟಿಯೊಂದರ ನಗರ ಯೋಜನಾ ಕಚೇರಿಯಲ್ಲಿದ್ದೇನೆ. ಹೇಮಾವತಿ ದಂಡೆ ಅವರೇ, ಶಾಲೆಯ ಲೆಕ್ಕದಲ್ಲಿ ಒಂದು ತಿದ್ದುಪಡಿ. ಮಿಷಿಗನ್‌ನಲ್ಲಿ 1994ರ ಮಾರ್ಚ್‌ನಲ್ಲಿ ಪ್ರಪೋಸಲ್ ಎ ಎಂಬುದನ್ನು ಮತದಾರರು ಒಪ್ಪಿದ ಮೇಲೆ, ಶಾಲೆಗಳ ದಿನನಿತ್ಯದ ಖರ್ಚಿನ ಹೊರೆಯನ್ನು ಬಹುಪಾಲು ರಾಜ್ಯವೇ ಹೊತ್ತುಕೊಂಡಿತು. ಅದಕ್ಕಾಗಿಯೇ ಮಾರಾಟ ತೆರಿಗೆ ಶೇ. 4ರಿಂದ 6ಕ್ಕೆ ಏರಿತು. ಹಣ ಮಗುವಿನ ತಲೆ ಲೆಕ್ಕದಲ್ಲಿ ಬರುತ್ತದೆ, ಮಗು ಹೆಚ್ಚಾದರೆ ರಾಜ್ಯದ ಹಣವೂ ಹೆಚ್ಚು. ಸ್ಥಳೀಯ ಆಸ್ತಿ ತೆರಿಗೆ ಹೆಚ್ಚಾಗಿ ಉಳಿದಿರುವುದು ಕಟ್ಟಡಗಳಿಗೆ. ಹಾಗಾಗಿ ತರಗತಿಯಲ್ಲಿ ಜಾಗವಿಲ್ಲ ಎಂಬ ನಿಮ್ಮ ಚಿಂತೆಗೆ ಅರ್ಥವಿದೆ, ನಮ್ಮ ತೆರಿಗೆಯನ್ನು ಅವರ ಮಕ್ಕಳು ತಿನ್ನುತ್ತಾರೆ ಎಂಬುದಕ್ಕೆ ಅಷ್ಟಾಗಿ ಇಲ್ಲ.

ಶಾಲಾ ಜಿಲ್ಲೆಯ ಗೆರೆಗೂ ಒಂದು ಇತಿಹಾಸವಿದೆ. ಡೆಟ್ರಾಯಿಟ್‌ನ ಮಕ್ಕಳನ್ನೂ ಹೊರವಲಯದ ಮಕ್ಕಳನ್ನೂ ಒಂದೇ ಶಾಲೆಗಳಲ್ಲಿ ಬೆರೆಸಬೇಕೆಂದು ಕೆಳಗಿನ ನ್ಯಾಯಾಲಯ ಆದೇಶಿಸಿತ್ತು. 1974ರ ಜುಲೈನಲ್ಲಿ ಸುಪ್ರೀಂ ಕೋರ್ಟು ಮಿಲಿಕೆನ್ ಮೊಕದ್ದಮೆಯಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಆ ದಿನದಿಂದ ಏಟ್ ಮೈಲ್ ರಸ್ತೆ ಶಾಲೆಗಳಿಗೂ ಗಡಿಯಾಯಿತು. ಮನೆ ನೋಡುವಾಗ ನಾವು ಮೊದಲು ಕೇಳುವುದು ಯಾವ ಶಾಲಾ ಜಿಲ್ಲೆ ಎಂದು. ಆ ಪ್ರಶ್ನೆಗೆ ನಾವು ಕೊಡುವ ಬೆಲೆಯಲ್ಲಿ ಆ ತೀರ್ಪೂ ಸೇರಿದೆ.

ಬಣ್ಣದ ಮಾತು ಒಂದು ಅಕ್ಷರವೂ ಇಲ್ಲ ಎಂದಿರಿ. ಬಣ್ಣವನ್ನು ಹೆಸರಿಸಿ ವಲಯ ಮಾಡುವುದನ್ನು 1917ರಲ್ಲೇ ಸುಪ್ರೀಂ ಕೋರ್ಟು ಅಸಿಂಧುವೆಂದಿತು. ಹಾಗೆ ಬರೆಯಲಾಗದು ಎಂದಾದ ಮೇಲೆ ಬರೆಯುವ ರೀತಿ ಬದಲಾಯಿತು: ಇಲ್ಲಿ ಒಂಟಿ ಮನೆಗಳು ಮಾತ್ರ, ಸೈಟು ಇಷ್ಟಕ್ಕಿಂತ ಚಿಕ್ಕದಿರಕೂಡದು, ಅಪಾರ್ಟ್‌ಮೆಂಟ್ ಬೇಡ. 1926ರಲ್ಲಿ ಒಹಾಯೊದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟಡವನ್ನು ಪರಾವಲಂಬಿ ಎಂದೇ ಕರೆಯಲಾಗಿದೆ. ಅರ್ಧ ಎಕರೆಗಿಂತ ಚಿಕ್ಕ ಸೈಟು ಇರಕೂಡದು ಎಂಬ ನಿಯಮದಲ್ಲಿ ಯಾರ ಬಣ್ಣವೂ ಇಲ್ಲ ನಿಜ. ಯಾರ ಕೈಯಲ್ಲಿ ಅಷ್ಟು ಹಣವಿದೆ ಎಂಬುದರಲ್ಲಿ ಬಣ್ಣ ಇದೆ.

ಹಳೆಯ ಎಂಜಿನಿಯರ್:

ನನಗೆ ಎಂಬತ್ತೊಂದು. 1969ರಲ್ಲಿ ಓದಲು ಬಂದವನು. ಮಕ್ಕಳಿಗೂ ಸರಿಯಾಗಿ ಹೇಳದ ಒಂದು ವಿಷಯವನ್ನು ಇಲ್ಲಿ ಬರೆಯುತ್ತೇನೆ.

1974ರಲ್ಲಿ ನಾನೂ ನನ್ನ ಹೆಂಡತಿಯೂ ಮನೆ ನೋಡಲು ಹೊರಟೆವು. ಸರೋವರದ ದಂಡೆಯ ಕಡೆ ನೋಡಬೇಕೆಂದು ಅವಳ ಆಸೆ. ಏಜೆಂಟ್ ಬಹಳ ಸೌಜನ್ಯದವನು. ಮೂರು ಶನಿವಾರ ಕಾರಿನಲ್ಲಿ ಸುತ್ತಿಸಿದ, ಕಾಫಿ ಕೊಡಿಸಿದ, ಆ ಕಡೆಗೆ ಮಾತ್ರ ಒಮ್ಮೆಯೂ ತಿರುಗಲಿಲ್ಲ. ಕೇಳಿದಾಗ ನಿಮಗೆ ಅಲ್ಲಿ ಹಿತವಾಗಲಾರದು ಎಂದ. ಅವನು ನಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾನೆ ಎಂದು ನಾವು ನಂಬಿದೆವು.

ಆ ದಂಡೆಯ ಗ್ರೋಸ್ ಪಾಯಿಂಟ್ ಊರುಗಳಲ್ಲಿ ಮನೆ ಕೊಳ್ಳಬಯಸುವವರಿಗೆ ಅಂಕ ಹಾಕುವ ಪದ್ಧತಿ ಇತ್ತೆಂದು ಆಮೇಲೆ ಓದಿದೆ. 1960ರಲ್ಲಿ ಅದು ಬಯಲಿಗೆ ಬಂದು ದೊಡ್ಡ ಸುದ್ದಿಯಾಗಿತ್ತಂತೆ. ಖಾಸಗಿ ಪತ್ತೇದಾರರನ್ನು ಇಟ್ಟು ವಿಚಾರಿಸುತ್ತಿದ್ದರು. ಬದುಕುವ ರೀತಿ ಅಮೆರಿಕನ್ ಆಗಿದೆಯೇ, ಮೈಬಣ್ಣ ಎಷ್ಟು ಕಪ್ಪು, ಮಾತಿನಲ್ಲಿ ಬೇರೆ ಧಾಟಿ ಇದೆಯೇ ಎಂದೆಲ್ಲ. ಸಾಮಾನ್ಯರಿಗೆ ಐವತ್ತು ಅಂಕ ಸಾಕು, ಯಹೂದಿಗಳಿಗೆ ಎಂಬತ್ತೈದು ಬೇಕಿತ್ತು. ಕಪ್ಪು ಜನರಿಗೆ ಮತ್ತು ನಮ್ಮಂಥ ಏಷ್ಯನ್ನರಿಗೆ ಅಂಕವೇ ಇಲ್ಲ, ಮೊದಲೇ ಹೊರಗೆ. ನಾನು ಬರುವ ಹೊತ್ತಿಗೆ ಆ ಪದ್ಧತಿ ಹೋಗಿತ್ತು. ಮನೆ ಮಾರುವಾಗ ಜನಾಂಗಭೇದ ಮಾಡಕೂಡದೆಂಬ 1968ರ ಕಾನೂನೂ ಬಂದಿತ್ತು, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಒಂದು ವಾರಕ್ಕೆ ಸಹಿ ಬಿದ್ದ ಕಾನೂನು ಅದು. ಆದರೂ ಏಜೆಂಟ್ ಕಾರು ತಿರುಗಿಸಲಿಲ್ಲ.

ಇನ್ನೊಂದು. ನನ್ನ ವಿಭಾಗದಲ್ಲಿ ಒಬ್ಬ ಕಪ್ಪು ಸಹೋದ್ಯೋಗಿ ಇದ್ದ. ನಕ್ಷೆ ಬರೆಯುವುದರಲ್ಲಿ ನನಗಿಂತ ಮೇಲು. ಸಂಬಳ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ನಾನು ಕೊನೆಗೆ ಉತ್ತರದ ಹೊರವಲಯದಲ್ಲಿ ಕೊಂಡೆ, ಅವನು ಡೆಟ್ರಾಯಿಟ್‌ನಲ್ಲಿ ಕೊಂಡ. ಮೂವತ್ತು ವರ್ಷ ಇಬ್ಬರೂ ಕಂತು ಕಟ್ಟಿದೆವು. ನನ್ನ ಮನೆ ಮಾರಿದ ಹಣದಲ್ಲಿ ಮಗಳ ವೈದ್ಯಕೀಯ ಓದಿನ ಸಾಲ ತೀರಿತು. ಅವನ ಮನೆಗೆ 2009ರಲ್ಲಿ ಒಂದು ಹಳೆಯ ಕಾರಿನಷ್ಟು ಬೆಲೆಯೂ ಇರಲಿಲ್ಲ. ನಾನು ಅವನಿಗಿಂತ ಹೆಚ್ಚು ದುಡಿದೆನೆಂದು ಯಾರಾದರೂ ಹೇಳಿದರೆ ಅದು ಸುಳ್ಳು.

ಹೇಮಾವತಿ ದಂಡೆ:

ಸರ್, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಡೆಟ್ರಾಯಿಟ್‌ಗೆ 1974ರಲ್ಲಿ ಕೋಲ್ಮನ್ ಯಂಗ್ ಮೊದಲ ಕಪ್ಪು ಮೇಯರ್ ಆದರು, ಇಪ್ಪತ್ತು ವರ್ಷ ಆಳಿದರು. ಅವರ ನಂತರವೂ ಕಪ್ಪು ಮೇಯರ್‌ಗಳು ಬಂದರು. ಐವತ್ತು ವರ್ಷ ಕಳೆದ ಮೇಲೂ 1941ರ ಗೋಡೆಯನ್ನೇ ತೋರಿಸಬೇಕೇ?

ಸಾಲದ ಲೆಕ್ಕ:

ನ್ಯಾಯವಾದ ಪ್ರಶ್ನೆ. ಡೆಟ್ರಾಯಿಟ್ ಆಡಳಿತ ತನ್ನ ಜನರಿಗೇ ಮಾಡಿದ ಅನ್ಯಾಯವನ್ನು ನಾನು ಮುಚ್ಚಿಡುವುದಿಲ್ಲ, ಹೇಳಿಯೇ ಹೇಳುತ್ತೇನೆ. 2008ರ ಕುಸಿತದಲ್ಲಿ ಮನೆಗಳ ಬೆಲೆ ನೆಲ ಕಚ್ಚಿತು. ನಗರದ ಕಂದಾಯದವರು ಮಾತ್ರ ತೆರಿಗೆ ಹಾಕುವ ಮೌಲ್ಯವನ್ನು ಅದಕ್ಕೆ ತಕ್ಕಂತೆ ಇಳಿಸಲಿಲ್ಲ. ಮಾರುಕಟ್ಟೆ ಬೆಲೆಯ ಅರ್ಧಕ್ಕಿಂತ ಹೆಚ್ಚಿಗೆ ಮೌಲ್ಯ ಕಟ್ಟಕೂಡದು ಎಂದು ಮಿಷಿಗನ್ ಸಂವಿಧಾನವೇ ಹೇಳುತ್ತದೆ. 2010ರಿಂದ 2016ರವರೆಗೆ ಡೆಟ್ರಾಯಿಟ್‌ನ ಮನೆಯವರು ಕನಿಷ್ಠ 60 ಕೋಟಿ ಡಾಲರ್ ಹೆಚ್ಚುವರಿ ತೆರಿಗೆಗೆ ಗುರಿಯಾದರೆಂದು ಅಲ್ಲಿನ ಪತ್ರಿಕೆಯೊಂದು ಲೆಕ್ಕ ಹಾಕಿ ತೋರಿಸಿತು. ಮೂರು ವರ್ಷ ತೆರಿಗೆ ಕಟ್ಟದಿದ್ದರೆ ಕೌಂಟಿ ಮನೆಯನ್ನು ಹರಾಜಿಗೆ ಇಡುತ್ತದೆ. ಸಾಲವೇ ಇಲ್ಲದ, ಪೂರ್ತಿ ತಮ್ಮದಾಗಿದ್ದ ಮನೆಗಳನ್ನು ಮುದುಕರು ಹೀಗೆ ಕಳೆದುಕೊಂಡರು. ಬಡವರಿಗೆ ತೆರಿಗೆ ವಿನಾಯಿತಿ ಇತ್ತು, ಅರ್ಜಿ ಹಾಕಬೇಕೆಂದು ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ.

ಆದರೆ ಅದಕ್ಕೂ ಹಿಂದಿನ ಹೆಜ್ಜೆ ನೋಡಿ. ಕುಸಿತಕ್ಕೆ ಮೊದಲು, ಹಿಂದೆ ಸಾಲವೇ ಸಿಗದಿದ್ದ ಈ ಬೀದಿಗಳಿಗೇ ಅತಿ ದುಬಾರಿ ಸಾಲಗಳನ್ನು ಹುಡುಕಿಕೊಂಡು ಬಂದು ಮಾರಿದರು. ಅರ್ಹತೆ ಒಂದೇ ಇದ್ದರೂ ಕಪ್ಪು ಮತ್ತು ಹಿಸ್ಪಾನಿಕ್ ಸಾಲಗಾರರಿಗೆ ಹೆಚ್ಚಿನ ಶುಲ್ಕ, ಹೆಚ್ಚಿನ ಬಡ್ಡಿ ಹಾಕಿದ ಆರೋಪದ ಮೇಲೆ ಕಂಟ್ರಿವೈಡ್ ಎಂಬ ಗೃಹಸಾಲ ಕಂಪನಿ 2011ರಲ್ಲಿ 33.5 ಕೋಟಿ ಡಾಲರ್, ವೆಲ್ಸ್ ಫಾರ್ಗೊ ಬ್ಯಾಂಕು 2012ರಲ್ಲಿ 17.5 ಕೋಟಿ ಡಾಲರ್ ಕೊಟ್ಟು ನ್ಯಾಯ ಇಲಾಖೆಯೊಂದಿಗೆ ಪ್ರಕರಣ ಇತ್ಯರ್ಥ ಮಾಡಿಕೊಂಡವು. ಇದು 1941 ಅಲ್ಲ. ನಾವೆಲ್ಲ ಇಲ್ಲೇ ಇದ್ದೆವು.

ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಲ್ಲಿ ಬಿಳಿಯ ಕುಟುಂಬದ ಮಧ್ಯಾಂಕ ಸಂಪತ್ತು (ಅರ್ಧದಷ್ಟು ಕುಟುಂಬಗಳು ಅದಕ್ಕಿಂತ ಮೇಲೆ, ಅರ್ಧದಷ್ಟು ಕೆಳಗೆ) ಸುಮಾರು 2,85,000 ಡಾಲರ್, ಕಪ್ಪು ಕುಟುಂಬದ್ದು ಸುಮಾರು 45,000. ಎಂಜಿನಿಯರ್ ಸರ್ ಹೇಳಿದ ಎರಡು ಮನೆಗಳ ಕಥೆಯನ್ನು ದೇಶದಷ್ಟು ದೊಡ್ಡದು ಮಾಡಿದರೆ ಬರುವ ಲೆಕ್ಕ ಅದು.

ಬಯಲುಸೀಮೆಯವನು:

ಕೋಲಾರ ಜಿಲ್ಲೆಯ ಒಂದು ಊರಿನ ಹೊರಗಿನ ಕೇರಿಯಲ್ಲಿ ಬೆಳೆದವನು ನಾನು. ನಮ್ಮಲ್ಲಿ ಗೋಡೆ ಇರಲಿಲ್ಲ. ಊರಿಗೂ ಕೇರಿಗೂ ನಡುವೆ ಒಂದು ಹುಣಸೆ ಮರ, ಒಂದು ಕಾಲುದಾರಿ. ಎಲ್ಲಿಯವರೆಗೆ ಹೋಗಬಹುದೆಂದು ನಾಲ್ಕು ವರ್ಷದ ಮಗುವಿಗೂ ಗೊತ್ತಿತ್ತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಯಾವ ಜನ ಎಂದು ನೇರವಾಗಿ ಕೇಳದೆ, ಊಟ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದರು. ನಾನೂ ಆ ಗೋಡೆ ನೋಡಿದ್ದೇನೆ. ಇಲ್ಲಿ ಕಾಗದವಿದೆ, ಕೈಪಿಡಿ ಇದೆ, ಇಸವಿ ಇದೆ. ಯಾರು ಮಾಡಿದರೆಂದು ಬೆರಳಿಟ್ಟು ತೋರಿಸಬಹುದು. ನಮ್ಮ ಹುಣಸೆ ಮರದ ಬಗ್ಗೆ ಯಾರನ್ನು ಕೇಳುವುದು?

ಇನ್ನೂ ಒಂದು ಮಾತಿದೆ, ಆಮೇಲೆ ಬರೆಯುತ್ತೇನೆ. ಪಾಳಿಗೆ ಹೊತ್ತಾಯಿತು.

ನಕ್ಷೆಗಾರ:

ಬೆಲೆಯ ಚಿಂತೆಗೆ ಬರುತ್ತೇನೆ, ಏಕೆಂದರೆ ಹೇಮಾವತಿ ದಂಡೆ ಅವರ ಅರವತ್ತು ದಿನಗಳ ಮಾತು ಸುಳ್ಳಲ್ಲ. ಏನೂ ಆಗುವುದಿಲ್ಲ ಎಂದು ಹೇಳಿದರೆ ನಾನು ಪ್ರಾಮಾಣಿಕನಾಗುವುದಿಲ್ಲ. ಕಟ್ಟುವವರಿಗೆ ತೆರಿಗೆ ರಿಯಾಯಿತಿ ಕೊಟ್ಟು ಕಡಿಮೆ ಆದಾಯದವರಿಗಾಗಿ ಕಟ್ಟಿಸುವ ಈ ಬಗೆಯ ಮನೆಗಳ ಬಗ್ಗೆ ಸ್ಟ್ಯಾನ್‌ಫರ್ಡ್‌ನ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನದಲ್ಲಿ ಬಡ ಪ್ರದೇಶಗಳಲ್ಲಿ ಸುತ್ತಲಿನ ಬೆಲೆ ಶೇ. 6.5ರಷ್ಟು ಏರಿತು. ಶ್ರೀಮಂತ ಬಿಳಿಯರ ಪ್ರದೇಶಗಳಲ್ಲಿ ಶೇ. 2.5ರಷ್ಟು ಇಳಿಯಿತು. ಅದು ಮೈಲಿಯ ಹತ್ತನೇ ಒಂದು ಭಾಗದೊಳಗಿನ ಮನೆಗಳಿಗೆ, ಅಂದರೆ ಒಂದೆರಡು ಬೀದಿಯಷ್ಟು ದೂರಕ್ಕೆ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದನ್ನೂ ನೋಡಬೇಕು. 1994ರಿಂದ ಐದು ನಗರಗಳಲ್ಲಿ ಸುಮಾರು 4,600 ಬಡ ಕುಟುಂಬಗಳಲ್ಲಿ ಚೀಟಿ ಎತ್ತಿ, ಕೆಲವರಿಗೆ ಬಡತನ ಕಡಿಮೆಯಿರುವ ಪ್ರದೇಶಕ್ಕೆ ಹೋಗಲು ಬಾಡಿಗೆ ನೆರವು ಕೊಟ್ಟರು. ದೊಡ್ಡವರ ಸಂಪಾದನೆ ಹೆಚ್ಚಲಿಲ್ಲ. ಬಹಳ ವರ್ಷ ಈ ಪ್ರಯೋಗ ಸೋತಿತೆಂದೇ ಬರೆಯುತ್ತಿದ್ದರು. ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಸಂಗಡಿಗರು ತೆರಿಗೆ ದಾಖಲೆಗಳನ್ನು ತೆಗೆದು ನೋಡಿದರು. ಹದಿಮೂರು ತುಂಬುವ ಮೊದಲೇ ಹೋದ ಮಕ್ಕಳು ಇಪ್ಪತ್ತರ ನಡುವಯಸ್ಸಿನಲ್ಲಿ ಶೇ. 31ರಷ್ಟು ಹೆಚ್ಚು ಗಳಿಸುತ್ತಿದ್ದರು. ಹದಿಹರೆಯದಲ್ಲಿ ಹೋದವರಿಗೆ ಆ ಲಾಭವಾಗಲಿಲ್ಲ. ಮಗುವಿನ ವಯಸ್ಸು ಇಂಥ ಪ್ರಸ್ತಾಪಗಳ ಮೇಲಿನ ನಮ್ಮ ವಿಚಾರಣೆಗಳ ಮುಂದೂಡಿಕೆಗೆ ಕಾಯುವುದಿಲ್ಲ.

ಹೇಮಾವತಿ ದಂಡೆ:

ಐದು ಲಕ್ಷದ ಮನೆಗೆ ಎರಡೂವರೆ ಪ್ರತಿಶತ ಎಂದರೆ 12,500 ಡಾಲರ್. ನನ್ನ ತಂದೆಯ ಹೃದಯದ ಶಸ್ತ್ರಚಿಕಿತ್ಸೆಗೆ ಕಳಿಸಿದ್ದು ಹೆಚ್ಚುಕಡಿಮೆ ಅಷ್ಟೇ ಹಣ. ದೊಡ್ಡ ಅನ್ಯಾಯವನ್ನು ಸರಿಪಡಿಸುವ ಖರ್ಚು ಎರಡು ಬೀದಿಯ ಮನೆಯವರ ಮೇಲೆಯೇ ಏಕೆ ಬೀಳಬೇಕು? ಸರಕಾರ ಮಾಡಿದ ತಪ್ಪಿಗೆ ಸರಕಾರ ಕೊಡಲಿ.

ತುಂಗೆಯ ಮಗಳು:

ಸರಕಾರವೂ ಕೊಡಬೇಕು, ಅದಕ್ಕೆ ನನ್ನ ಪೂರ್ಣ ಒಪ್ಪಿಗೆ. ಕೇಂದ್ರದ ಬಾಡಿಗೆ ನೆರವಿಗೆ ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಒಂದಕ್ಕೆ ಮಾತ್ರ ಅದು ಸಿಗುತ್ತಿದೆ, ಉಳಿದವರು ವರ್ಷಗಟ್ಟಲೆ ಕಾಯುತ್ತಾರೆ. ಆದರೆ ಸರಕಾರ ಕೈ ಹಾಕಿದಾಗ ತಡೆದವರು ನಮ್ಮಂಥ ಊರಿನವರೇ. 1970ರಲ್ಲಿ ಜಾರ್ಜ್ ರಾಮ್ನಿ ವಸತಿ ಸಚಿವರಾಗಿದ್ದರು, ಅದಕ್ಕೆ ಮೊದಲು ಇದೇ ಮಿಷಿಗನ್‌ನ ಗವರ್ನರ್. ಕೇಂದ್ರದ ಅನುದಾನ ಬೇಕಾದರೆ ಹೊರವಲಯಗಳು ಬಡವರ ಮನೆಗಳಿಗೂ ಜಾಗ ಕೊಡಬೇಕೆಂದು ಅವರು ಒತ್ತಾಯಿಸಿದರು. ಏಟ್ ಮೈಲ್ ರಸ್ತೆಯ ಆಚೆಯ ವಾರೆನ್ ನಗರ ಸಿಡಿದೆದ್ದಿತು. ಅಧ್ಯಕ್ಷ ನಿಕ್ಸನ್ ತಮ್ಮ ಸಚಿವರ ಕೈ ಕಟ್ಟಿಹಾಕಿದರು. ನನ್ನ ಗೆಳತಿ ಹಿಡಿದು ಬಂದ ಪತ್ರ ಅದೇ ದಾರಿಯಲ್ಲಿ ಬಂದದ್ದು.

ಎರಡು ಬೀದಿಯ ಮಾತಿಗೆ ಇಷ್ಟು ಹೇಳುತ್ತೇನೆ. ಆ ಪಾಳು ಜಾಗ ನನ್ನ ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ. ನಡುವೆ ಇರುವುದು ಒಂದು ಸಾಲು ಮೇಪಲ್ ಮರ. ಇಳಿದರೆ ಮೊದಲು ನನ್ನ ಮನೆಯ ಬೆಲೆ ಇಳಿಯುತ್ತದೆ, ನನ್ನ ಗಂಡನಿಗೂ ಇದನ್ನು ಹೇಳಿ ಒಪ್ಪಿಸಿದ್ದೇನೆ. ನಿಮ್ಮಷ್ಟು ಅಭದ್ರತೆ ನಮಗಿಲ್ಲ, ನಮಗೆ ಪೌರತ್ವ ಬಂದಿದೆ. ಹಾಗಾಗಿ ನೀವೂ ನನ್ನಂತೆಯೇ ಮಾಡಿ ಎಂದು ಹೇಳುವ ಹಕ್ಕು ನನಗಿಲ್ಲ.

ಹಳೆಯ ಎಂಜಿನಿಯರ್:

ಎರಡು ಸೂಟ್‌ಕೇಸ್ ಹಿಡಿದು ಬಂದೆವು ಎಂದು ನಾನೂ ನಲವತ್ತು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಸೂಟ್‌ಕೇಸಿನಲ್ಲಿ ಒಂದು ಪದವಿ ಪತ್ರವೂ ಇತ್ತು. ಸುರತ್ಕಲ್‌ನಲ್ಲಿ ಸರಕಾರದ ಹಣದಲ್ಲಿ, ಅಲ್ಪ ಶುಲ್ಕಕ್ಕೆ ಓದಿ ಪಡೆದದ್ದು. ನಮ್ಮಂಥವರಿಗೆ ಈ ದೇಶದ ಬಾಗಿಲು ತೆರೆದದ್ದು 1965ರ ವಲಸೆ ಕಾನೂನಿನಿಂದ. ಕಪ್ಪು ಜನ ಬೀದಿಯಲ್ಲಿ ಲಾಠಿ ಏಟು ತಿಂದು ನಾಗರಿಕ ಹಕ್ಕುಗಳ ಕಾನೂನು ಗೆದ್ದ ಮರುವರ್ಷ ಅದು ಬಂತು. ಅವರ ಋಣ ನಮ್ಮ ಮೇಲಿದೆ ಎಂದು ನಾನು ತಿಳಿದಿದ್ದೇನೆ.

ಬಯಲುಸೀಮೆಯವನು:

ಪಾಳಿ ಮುಗಿಸಿ ಬಂದೆ. ನಿನ್ನೆ ಉಳಿಸಿದ್ದ ಮಾತು ಇದು.

ನಾನು ಎಂಜಿನಿಯರ್ ಅಲ್ಲ. ಅಣ್ಣನ ಮೂಲಕ ಗ್ರೀನ್ ಕಾರ್ಡ್ ಸಿಕ್ಕಿ ಬಂದವನು. ನಿಮ್ಮ ಟೌನ್‌ಶಿಪ್‌ನ ಅದೇ ಮುಖ್ಯರಸ್ತೆಯ ಕೊನೆಗಿರುವ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತೇನೆ. ನನ್ನ ಹೆಂಡತಿ ನಿಮ್ಮ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಹೇಮಾವತಿ ದಂಡೆ ಅವರೇ, ನಿಮ್ಮ ಮಗಳಿಗೆ ಮಧ್ಯಾಹ್ನದ ತಟ್ಟೆ ಕೊಡುವವಳು ಅವಳೇ ಇರಬಹುದು. ಇಬ್ಬರೂ ನಲವತ್ತು ನಿಮಿಷ ಕಾರು ಓಡಿಸಿಕೊಂಡು ಬರುತ್ತೇವೆ, ಏಕೆಂದರೆ ನಿಮ್ಮಲ್ಲಿ ನಮ್ಮ ಕೈಗೆಟಕುವ ಒಂದು ಬಾಡಿಗೆ ಮನೆಯೂ ಇಲ್ಲ. ಆ ಎಪ್ಪತ್ತೆರಡು ಮನೆಗಳಿಗೆ ಪ್ರದೇಶದ ಮಧ್ಯಾಂಕ ಆದಾಯದ ಶೇ. 60ರ ಒಳಗೆ ಗಳಿಸುವವರು ಅರ್ಜಿ ಹಾಕಬಹುದು ಎಂದಿದೆ. ನಾವು ಅದರೊಳಗೆ ಬರುತ್ತೇವೆ. ಕಟ್ಟಿದ ದಿನವೇ ಅರ್ಜಿ ಹಾಕಬೇಕೆಂದು ಕಾಗದಪತ್ರ ಜೋಡಿಸಿಟ್ಟಿದ್ದೇವೆ.

ಮನವಿ ಪತ್ರದ ಪ್ರತಿ ನನಗೂ ಸಿಕ್ಕಿತು, ಕನ್ನಡದವರೊಬ್ಬರು ಸಹಿ ಹಾಕಿ ಎಂದು ಕಳಿಸಿದ್ದು. ಯಾರು ಬಂದರೆ ಬಡಾವಣೆಯ ಸ್ವರೂಪ ಕೆಡುತ್ತದೆ ಎಂದು ಅದರಲ್ಲಿ ಬರೆದಿಲ್ಲ. ಹೆಸರು ಬರೆಯದೆ ಹೇಳುವುದು ನನಗೆ ಚಿಕ್ಕಂದಿನಿಂದ ಪರಿಚಯವಿರುವ ಭಾಷೆ. ವಿಚಾರಣೆಯ ದಿನ ರಜೆ ಕೇಳಿದ್ದೇನೆ. ಮೂರು ನಿಮಿಷ ಮಾತನಾಡಲು ಬಿಡುತ್ತಾರಂತೆ.

ಹೇಮಾವತಿ ದಂಡೆ:

ನಿಮ್ಮ ಮಾತಿಗೆ ಈ ರಾತ್ರಿ ನನ್ನಲ್ಲಿ ಉತ್ತರವಿಲ್ಲ.

ಸಹಿ ಹಿಂದಕ್ಕೆ ಪಡೆಯುತ್ತೇನೆ ಎಂದು ಈಗಲೇ ಬರೆಯಲಾರೆ, ಮನೆಯಲ್ಲಿ ಮಾತನಾಡಬೇಕು. ಆದರೆ ಪತ್ರ ಬರೆದವರಿಗೆ ಈಗಷ್ಟೇ ಫೋನ್ ಮಾಡಿ, ಸ್ವರೂಪ ಎಂಬ ಆ ಸಾಲನ್ನು ತೆಗೆಯದಿದ್ದರೆ ನನ್ನ ಹೆಸರನ್ನು ತೆಗೆಯಿರಿ ಎಂದಿದ್ದೇನೆ. ಶಾಲೆಗೆ ಕಟ್ಟಡ ಬೇಕು ಎಂಬ ಬೇಡಿಕೆಯನ್ನು ನಾನು ಬಿಡುವುದಿಲ್ಲ, ವಿಚಾರಣೆಯಲ್ಲಿ ಅದನ್ನು ಕೇಳಿಯೇ ಕೇಳುತ್ತೇನೆ. ನಿಮ್ಮ ಮಕ್ಕಳಿಗೂ ಆ ತರಗತಿಯಲ್ಲಿ ಜಾಗ ಬೇಕಲ್ಲವೇ? ನಿಮಗೆ ಮಕ್ಕಳಿದ್ದಾರೆಯೇ, ಯಾವ ತರಗತಿ?

ಬಯಲುಸೀಮೆಯವನು:

ಒಬ್ಬ ಮಗ. ಎರಡನೆಯ ತರಗತಿ.